ಮೆಣಸಿನ ಊರಿಗೆ ಹೋಗಿಬಂದೆ

ಬಿಟಿಎಂ ಲೇಔಟ್ ಎರಡನೇ ಹಂತ,
ಬೆಂಗಳೂರು

ಪ್ರೀತಿಯ ಮಿತ್ರರಿಗೆ,

ನಿಮ್ಮ ಕಾಗದ ಕೈಸೇರಿ ತಿಂಗಳ ಮೇಲಾಯಿತು. ಅಮೆಜಾನ್ ಕಾಡಿನ ನಟ್ಟನಡುವೆ, ಹೊಳೆಯ ದಂಡೆಯ ಮೇಲೆ ದೊಡ್ಡದೊಂದು ನಗರವಿದೆಯಂತೆ, ಅದರ ವಿಷಯ ಓದಿದ ದಿನದಿಂದ ಮನಸ್ಸು ಅಲ್ಲೇ ಸುತ್ತುತ್ತಿದೆ, ಸಾಯುವುದರೊಳಗೆ ಒಮ್ಮೆ ನೋಡಬೇಕು ಎಂದು ಬರೆದಿದ್ದಿರಿ. ಅದನ್ನು ಓದುತ್ತಿದ್ದಂತೆ ನನಗೆ ನಮ್ಮದೇ ಒಂದು ಊರು ನೆನಪಾಯಿತು. ಅದನ್ನು ಇನ್ನೊಮ್ಮೆ ಕಣ್ಣಾರೆ ನೋಡಿಕೊಂಡೇ ನಿಮಗೆ ಉತ್ತರ ಬರೆಯೋಣ ಎಂದು ಕಾದೆ. ಈ ಕಾರ್ತಿಕದಲ್ಲಿ ಹೋಗಿಬಂದೆ. ತಡವಾದದ್ದಕ್ಕೆ ಮನ್ನಿಸಿ.

ನೀವು ಓದಿದ ಊರು ಬ್ರೆಜಿಲ್ ದೇಶದ ಮನೌಸ್ ಇರಬೇಕು. ಅಲ್ಲಿ ಎರಡು ದೊಡ್ಡ ಹೊಳೆಗಳು ಕೂಡುತ್ತವೆ. ಒಂದು ರಿಯೊ ನೀಗ್ರೊ. ಕಾಡಿನ ತರಗೆಲೆ ಕೊಳೆತು ಬಿಟ್ಟ ಸಾರ ಸೇರಿಕೊಂಡು ಅದರ ನೀರು ಹಾಲು ಹಾಕದ ಚಹಾದಂತೆ ಕಪ್ಪು. ಇನ್ನೊಂದು, ದೂರದ ಆಂಡಿಸ್ ಬೆಟ್ಟಗಳ ಮಣ್ಣು ಹೊತ್ತು ಬರುವ ಕೆಂಗಂದು ಬಣ್ಣದ ಸೊಲಿಮೋಯಿಸ್. ನಮ್ಮ ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಕೂಡಿದಲ್ಲೇ ಒಂದಾಗಿಬಿಡುತ್ತವಲ್ಲ, ಇವು ಹಾಗಲ್ಲ. ಸುಮಾರು 6 ಕಿ.ಮೀ. ದೂರ ಒಂದೇ ಪಾತ್ರದಲ್ಲಿ ಅಕ್ಕಪಕ್ಕ ಹರಿದು ಆಮೇಲೆ ಬೆರೆಯುತ್ತವೆ.

ಸಮುದ್ರದಿಂದ ಸುಮಾರು 1,500 ಕಿ.ಮೀ. ಒಳಗಿದ್ದರೂ ಆ ಊರಿನವರೆಗೆ ಹಡಗು ಬರುತ್ತದೆ. ಕಾಡಿನ ಮಾಲು ಹೊಳೆಯಲ್ಲಿ ಇಳಿದು ಬಂದು ಅಲ್ಲಿ ಹಡಗು ಹತ್ತುತ್ತಿತ್ತು. ಆ ಮಾಲು ರಬ್ಬರ್. 19ನೇ ಶತಮಾನದ ಕೊನೆಯ ಹೊತ್ತಿಗೆ ಜಗತ್ತಿಗೆಲ್ಲ ರಬ್ಬರ್ ಬೇಕಾಗಿತ್ತು, ಅದು ಸಿಗುತ್ತಿದ್ದದ್ದು ಬಹುಪಾಲು ಆ ಕಾಡಿನ ಮರಗಳಿಂದ. ಬಂದ ದುಡ್ಡಿನಲ್ಲಿ ಮನೌಸಿನ ಸಾಹುಕಾರರು ಕಾಡಿನ ನಡುವೆ ಸಂಗೀತನಾಟಕಗಳಿಗೆಂದೇ ಭಾರಿ ರಂಗಮಂದಿರವೊಂದನ್ನು ಕಟ್ಟಿಸಿ 1896ರಲ್ಲಿ ಬಾಗಿಲು ತೆರೆದರು. ಅಮೃತಶಿಲೆ ಇಟಲಿಯಿಂದ ಬಂತು, ಕಬ್ಬಿಣ ಸ್ಕಾಟ್ಲೆಂಡಿನಿಂದ ಬಂತು. ಆದರೆ ಅಷ್ಟರಲ್ಲಿ ಅವರ ಅದೃಷ್ಟ ಬೇರೆ ಕಡೆ ಮೊಳಕೆಯೊಡೆದಾಗಿತ್ತು. 1876ರಲ್ಲೇ ಹೆನ್ರಿ ವಿಕಮ್ ಎಂಬ ಇಂಗ್ಲೆಂಡಿನವನು ಸುಮಾರು 70,000 ರಬ್ಬರ್ ಬೀಜಗಳನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಸಾಗಿಸಿದ್ದ. ಅಲ್ಲಿ ಮೊಳೆತ ಸಸಿಗಳು ಸಿಂಹಳಕ್ಕೆ, ಮಲಯಕ್ಕೆ ಬಂದವು. ಏಷ್ಯಾದ ತೋಟಗಳ ಅಗ್ಗದ ರಬ್ಬರ್ ಮಾರುಕಟ್ಟೆಗೆ ಬರುತ್ತಲೇ, 1912ರ ಸುಮಾರಿಗೆ, ಮನೌಸಿನ ಸಿರಿ ಕುಸಿಯಿತು. ಅದೇ ಮರ ಇವತ್ತು ನಮ್ಮ ಸುಳ್ಯ, ಪುತ್ತೂರಿನ ಗುಡ್ಡಗಳಲ್ಲಿ ನಿಂತಿದೆ. ಭಾರತ ಮತ್ತು ಸಿಂಹಳದ ನಡುವಿನ 1964ರ ಒಪ್ಪಂದದಂತೆ ಸಿಂಹಳದಿಂದ ವಾಪಸು ಬಂದ ತಮಿಳು ಕುಟುಂಬಗಳಿಗೆ ಕೆಲಸ ಕೊಟ್ಟದ್ದೂ ಈ ಗುಡ್ಡಗಳ ಸರ್ಕಾರಿ ರಬ್ಬರ್ ತೋಟಗಳೇ.

ನಾನು ಮನೌಸ್ ನೋಡಿದವನಲ್ಲ, ಇಷ್ಟೂ ಓದಿ ತಿಳಿದದ್ದು. ಆದರೆ ಕಾಡಿನ ಮಾಲು, ಹೊಳೆಯ ದಾರಿ, ದೂರದ ಹಡಗು, ಈ ಮೂರರಿಂದ ಹುಟ್ಟಿ ಬೆಳಗಿ ಆರಿದ ಊರು ನಮ್ಮಲ್ಲೂ ಒಂದಿದೆ. ಮನೌಸಿಗಿಂತ ಮುನ್ನೂರು ವರ್ಷ ಮೊದಲೇ ಅದರ ಕಥೆ ಮುಗಿದಿತ್ತು. ಅದೇ ಶರಾವತಿಯ ದಂಡೆಯ ಗೇರುಸೊಪ್ಪೆ.

ನಮ್ಮ ಮನೆಯಿಂದ ಹೋಗುವುದು ಈಗ ಸಲೀಸು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಬಿಟಿಎಂ ಲೇಔಟ್ ನಿಲ್ದಾಣದಲ್ಲಿ ಮೆಟ್ರೊ ಹತ್ತಿ, ಆರ್.ವಿ. ರಸ್ತೆಯಲ್ಲಿ ಬದಲಿಸಿದರೆ ಮೆಜೆಸ್ಟಿಕ್. ಅಲ್ಲಿಂದ ತಾಳಗುಪ್ಪದ ರಾತ್ರಿ ರೈಲು. ಬೆಳಗ್ಗೆ ಕಣ್ಣು ಬಿಟ್ಟಾಗ ಕಿಟಕಿಯ ಹೊರಗೆ ಮಲೆನಾಡು. ತಾಳಗುಪ್ಪಕ್ಕೆ ಹಳಿ ಮುಗಿಯುತ್ತದೆ. ಮುಂದೆ ಹೊನ್ನಾವರದ ಬಸ್ಸು.

ಮಾವಿನಗುಂಡಿ ದಾಟಿ ಮಲೆಮನೆ ಘಾಟಿ ಇಳಿಯುವ ಮೊದಲು ಕತ್ತಲೆಕಾನು ಸಿಗುತ್ತದೆ. ಹೆಸರೇ ಹೇಳುವಂತೆ ಹಗಲಲ್ಲೂ ನೆರಳು ಬಿಡದ ಕಾಡು. ಅಲ್ಲಿ ರಾಮಪತ್ರೆ ಜಾತಿಯ ಮರಗಳು ಜೌಗು ನೆಲದಲ್ಲಿ ಬೇರನ್ನು ಮಂಡಿಯ ಹಾಗೆ ಮಡಿಸಿ ನೀರಿನಿಂದ ಮೇಲೆತ್ತಿ ಉಸಿರಾಡುತ್ತ ನಿಂತಿವೆ. ಬಹು ಹಳೆಯ ಕಾಲದ ಕಾಡಿನ ಉಳಿದ ತುಣುಕುಗಳಿವು. ಗೇರಿನ ಬಳಗದ ಒಂದು ಮರವನ್ನು ಸಸ್ಯವಿಜ್ಞಾನಿಗಳು ಇಲ್ಲಿ ಗುರುತಿಸಿ 2000ದಲ್ಲಿ ಜಗತ್ತಿಗೆ ಪರಿಚಯಿಸಿದರು. ಅದರ ಶಾಸ್ತ್ರೀಯ ಹೆಸರಿನಲ್ಲೇ ಕತ್ತಲೆಕಾನು ಸೇರಿದೆ. ಸಾವಿರಾರು ವರ್ಷ ಯಾರ ಲೆಕ್ಕಕ್ಕೂ ಸಿಗದೆ ಬೆಳೆದ ಮರಕ್ಕೆ ನಮ್ಮ ಕಾಲದಲ್ಲಿ ಹೆಸರು ಸಿಕ್ಕಿತು ಎಂದರೆ, ಹೆಸರಿಲ್ಲದೆಯೇ ಕಡಿದುಹೋದವು ಎಷ್ಟೋ ಎಂದು ಬಸ್ಸಿನ ಕಿಟಕಿಗೆ ತಲೆಯಾನಿಸಿ ಯೋಚಿಸುತ್ತಿದ್ದೆ.

ಗೇರುಸೊಪ್ಪೆಯಲ್ಲಿ ಇಳಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಹೊಳೆ. ಘಟ್ಟದ ಮೇಲಿಂದ ಧುಮುಕಿ ಬಂದ ಶರಾವತಿ ಇಲ್ಲಿ ಸಮತಟ್ಟಿಗೆ ಇಳಿಯುತ್ತದೆ. ಇಲ್ಲಿಂದ ಹೊನ್ನಾವರದ ಅಳಿವೆಯವರೆಗೆ, ಸುಮಾರು 30 ಕಿ.ಮೀ., ದೋಣಿ ನಡೆಯುವ ನೀರು. ಹಿಂದಿನವರು ಊರಿಗೆ ಈ ಜಾಗ ಆರಿಸಿಕೊಂಡದ್ದು ಯಾಕೆಂದು ದಂಡೆಯಲ್ಲಿ ಐದು ನಿಮಿಷ ನಿಂತರೆ ತಿಳಿಯುತ್ತದೆ. ಘಟ್ಟದ ಮೇಲಿನ ಕಾನುಗಳಲ್ಲಿ, ಅಡಿಕೆ ತೋಟಗಳಲ್ಲಿ ಬೆಳೆದ ಕಾಳುಮೆಣಸು ಹೇರೆತ್ತುಗಳ ಬೆನ್ನ ಮೇಲೆ ಇಳಿದು ಬರಬೇಕು. ಎತ್ತಿನ ದಾರಿ ಮುಗಿದು ದೋಣಿಯ ದಾರಿ ಶುರುವಾಗುವ ಜಾಗ ಇದು. ಅಂಥ ಕಡೆ ಸಂತೆ ಕೂಡುತ್ತದೆ, ಸಂತೆ ಪೇಟೆಯಾಗುತ್ತದೆ, ಪೇಟೆಯನ್ನು ಕಾಯಲು ಅರಸರು ಬರುತ್ತಾರೆ.

ಹಳೆಯ ಪಟ್ಟಣ ಇದ್ದದ್ದು ಆಚೆ ದಡದ ನಗರಬಸ್ತಿಕೇರಿಯಲ್ಲಿ. ಆಟೋ ಹಿಡಿದು ಹೋದೆ. ದಾರಿಯ ಚಹಾದಂಗಡಿಯ ಅಮ್ಮ, “ಬಸ್ತಿ ನೋಡೂಕೆ ಬಂದ್ರಾ? ಬೆಳಕಿದ್ದಾಗ್ಲೇ ನೋಡಿ ಬನ್ನಿ” ಎಂದರು. ಚತುರ್ಮುಖ ಬಸದಿ ಕಾಡಿನ ನಡುವಿನ ಬಯಲಿನಲ್ಲಿ ಒಂದೇ ನಿಂತಿದೆ. ಬೂದುಬಣ್ಣದ ಕಲ್ಲಿನ ಕಟ್ಟಡ. ನಾಲ್ಕು ದಿಕ್ಕಿಗೂ ಬಾಗಿಲು, ಒಳಗೆ ನಾಲ್ಕೂ ಕಡೆ ಮುಖಮಾಡಿ ಕೂತ ತೀರ್ಥಂಕರರು. ಯಾವ ಬಾಗಿಲಲ್ಲಿ ನಿಂತರೂ ಒಬ್ಬರು ನಿಮ್ಮನ್ನೇ ನೋಡುತ್ತಿರುತ್ತಾರೆ. ನಾನು ನಾಲ್ಕೂ ಬಾಗಿಲಲ್ಲಿ ನಿಂತು ಕೈಮುಗಿದೆ. ಸುತ್ತಮುತ್ತ ನೇಮಿನಾಥ, ಪಾರ್ಶ್ವನಾಥ, ವರ್ಧಮಾನರ ಬಸದಿಗಳಿವೆ, ಜ್ವಾಲಾಮಾಲಿನಿ ಅಮ್ಮನವರ ಗುಡಿಗೆ ಇಂದಿಗೂ ಭಕ್ತರು ಬರುತ್ತಾರೆ. ಈ ಪಟ್ಟಣದಲ್ಲಿ ಲಕ್ಷ ಮನೆ, 84 ಗುಡಿಗಳಿದ್ದವೆಂದು ಜನ ಹೇಳುತ್ತ ಬಂದದ್ದನ್ನು ಬ್ರಿಟಿಷರ ಕಾಲದ ಗೆಜೆಟಿಯರ್ ಬರೆದಿಟ್ಟಿದೆ. ಲಕ್ಷ ಎಂಬುದು ಅಭಿಮಾನದ ಲೆಕ್ಕವಿರಬಹುದು. ಆದರೆ ಇಂಥ ಬಸದಿಯನ್ನು ಕಟ್ಟಿಸಿದ ಊರು ಚಿಕ್ಕದಾಗಿರಲಿಲ್ಲ.

ಇಲ್ಲಿಂದ ಆಳಿದ ರಾಣಿ ಚೆನ್ನಭೈರಾದೇವಿ. 1552ರಿಂದ 1606ರವರೆಗೆ, 54 ವರ್ಷ. ನಮ್ಮ ನಾಡಿನಲ್ಲಿ ಅಷ್ಟು ದೀರ್ಘ ಕಾಲ ಗದ್ದುಗೆಯಲ್ಲಿದ್ದ ಹೆಣ್ಣುಮಗಳು ಇನ್ನೊಬ್ಬಳು ನನಗೆ ತಿಳಿದಂತೆ ಇಲ್ಲ. ಜೈನ ಮನೆತನದವಳು, ವಿಜಯನಗರದ ಸಾಮಂತೆ. 1565ರಲ್ಲಿ ತಾಳಿಕೋಟೆಯಲ್ಲಿ ವಿಜಯನಗರವೇ ಬಿದ್ದ ಮೇಲೂ, 1569ರಲ್ಲಿ ಹೊನ್ನಾವರದ ಕೋಟೆ ಪೋರ್ಚುಗೀಸರ ಕೈಸೇರಿದ ಮೇಲೂ, ಈ ಹೊಳೆಯ ದಂಡೆಯಲ್ಲಿ ಕೂತು ನಾಲ್ಕು ದಶಕ ರಾಜ್ಯ ಕಾಪಾಡಿದಳು. ಅವಳೊಡನೆ ಕಾದಾಡಿದ ಪೋರ್ಚುಗೀಸರೇ ಅವಳ ಮೆಣಸಿಗೆ ಕೈಚಾಚಬೇಕಿತ್ತು. ಕಾಳುಮೆಣಸಿನ ರಾಣಿ ಎಂದು ಹೆಸರಿಟ್ಟವರೂ ಅವರೇ. ಕೊನೆಗೆ ಕೆಳದಿಯ ವೆಂಕಟಪ್ಪ ನಾಯಕನೂ ಬಿಳಗಿಯ ಅರಸರೂ ಸೇರಿ ಅವಳನ್ನು ಸೋಲಿಸಿದರು. ಸೆರೆಯಲ್ಲೇ ಅವಳ ಕೊನೆಯಾಯಿತು. ಗಜಾನನ ಶರ್ಮರ ‘ಚೆನ್ನಭೈರಾದೇವಿ’ ಕಾದಂಬರಿ ಸಿಕ್ಕರೆ ತಪ್ಪದೆ ಓದಿ. ಹೊರಗಿನವರು ಕೊಟ್ಟ ಬಿರುದಿನ ಹಿಂದೆ ಮರೆಯಾಗಿದ್ದವಳು ಆ ಪುಸ್ತಕದಿಂದ ನಮ್ಮ ಓದುಗರ ಮನೆಗಳಿಗೆ ಬಂದಳು.

ಇನ್ನೊಂದು ಸಂಗತಿ ಹೇಳಲೇಬೇಕು, ನಮ್ಮಿಬ್ಬರ ಕಾಗದದ ನಂಟಿಗೆ ಅದು ಹತ್ತಿರದ್ದು. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ, ಇಕ್ಕೇರಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದಿಂದ ದೋಣಿಯಲ್ಲಿ ಇದೇ ಹೊಳೆಯಲ್ಲಿ ಮೇಲೆ ಬಂದ. ದೇಶದೇಶ ಸುತ್ತಿ ಕಂಡದ್ದನ್ನೆಲ್ಲ ಅವನು ನೇಪಲ್ಸಿನಲ್ಲಿದ್ದ ಗೆಳೆಯ, ವೈದ್ಯ ಮಾರಿಯೊ ಸ್ಕಿಪಾನೊಗೆ ಕಾಗದಗಳಾಗಿ ಬರೆಯುತ್ತಿದ್ದ. ಈ ಹೊಳೆಯ ದಂಡೆಗಳ ಹಸಿರನ್ನು ಆ ಕಾಗದದಲ್ಲಿ ಮನಸಾರೆ ಕೊಂಡಾಡಿದ್ದಾನೆ. ಊರಿನ ವಿಷಯಕ್ಕೆ ಬಂದಾಗ ಅವನು ಕಂಡದ್ದು ಪಾಳುಬಿದ್ದ ಅರಮನೆ, ಗೋಡೆಗಳ ನಡುವೆ ಬೆಳೆದುಬಿಟ್ಟ ಮರಗಳು, ಬಡವರ ಕೆಲವು ಗುಡಿಸಲು. ರಾಣಿ ಸೋತು ಆಗ ಕಳೆದಿದ್ದದ್ದು ಬರೀ 17 ವರ್ಷ. ಬಸದಿಯ ಜಗುಲಿಯ ಮೇಲೆ ಕೂತು ನಾನು ಈ ಲೆಕ್ಕವನ್ನೇ ಮತ್ತೆ ಮತ್ತೆ ಮಾಡಿದೆ. ಒಂದು ಮಗು ಹುಟ್ಟಿ ಪಿಯುಸಿ ಮುಟ್ಟುವಷ್ಟು ಹೊತ್ತಿನಲ್ಲಿ ಒಂದು ರಾಜಧಾನಿ ಕಾಡಾಗಿತ್ತು. ಮೆಣಸಿನ ಬಳ್ಳಿ ಅಲ್ಲೇ ಇತ್ತು, ಹೊಳೆ ಅಲ್ಲೇ ಇತ್ತು. ಹೋದದ್ದು ಅಧಿಕಾರ, ಅದರ ಬೆನ್ನಿಗೆ ವ್ಯಾಪಾರ.

ಅಲ್ಲಿಂದ ಬರುವಾಗ ಊಟದ ಮನೆಯಲ್ಲಿ ಗೇರುಬೀಜದ ಪಲ್ಯ ಬಡಿಸಿದರು. ಅಮೆಜಾನ್ ನಾಡು ನಮಗೆ ಎಷ್ಟು ಹತ್ತಿರವೆಂದು ಆಗ ಹೊಳೆಯಿತು. ಗೇರುಸೊಪ್ಪೆಗೆ ಗೇರಿನ ಸೊಪ್ಪಿನಿಂದಲೇ ಹೆಸರು ಬಂತೆನ್ನುತ್ತಾರೆ. ಮೊದಲಿಗೆ ಗೇರು ಎಂದರೆ ನಮ್ಮ ಕಾಡಿನದು, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕಾಯಿಯ ಮರ. ಈಗ ಕರಾವಳಿಯ ಗುಡ್ಡದ ತುಂಬ ಇರುವ ಗೇರುಹಣ್ಣಿನ ಮರ ಪೋರ್ಚುಗೀಸರ ಹಡಗಿನಲ್ಲಿ ಬ್ರೆಜಿಲಿನಿಂದ ಬಂದದ್ದು. ನಮ್ಮವರು ಅದಕ್ಕೂ ಮನೆಯ ಹೆಸರನ್ನೇ ಕೊಟ್ಟರು. ಕಾಜು ಎಂಬ ಮಾತು ಬ್ರೆಜಿಲಿನ ಮೂಲನಿವಾಸಿಗಳಾದ ಟುಪಿ ಜನರ ಬಾಯಿಂದ ಪೋರ್ಚುಗೀಸರಿಗೆ, ಅವರಿಂದ ನಮಗೆ ಬಂತು. ಅನಾನಸೂ ಹಾಗೆಯೇ. ಮೆಣಸು ಎಂದರೆ ಒಂದು ಕಾಲಕ್ಕೆ ಕಾಳುಮೆಣಸು ಮಾತ್ರ. ಅಮೆರಿಕದ ನೆಲದ ಖಾರದ ಕಾಯಿ ಬಂದಾಗ ಅದು ಮೆಣಸಿನಕಾಯಿಯಾಯಿತು. ರಾಣಿಯ ಮೆಣಸನ್ನು ಕೊಳ್ಳಲು ಬಂದ ಹಡಗುಗಳೇ ಅದಕ್ಕೆ ಎದುರಾಳಿಯನ್ನೂ ಇಳಿಸಿಹೋದವು. ಇವತ್ತು ನಿಮ್ಮ ಅಡುಗೆಮನೆಯಲ್ಲೂ ನಮ್ಮ ಅಡುಗೆಮನೆಯಲ್ಲೂ ಒಗ್ಗರಣೆಗೆ ಬೀಳುವುದು ಆ ಹೊಸಬನೇ.

ಆದರೆ ಮಿತ್ರರೇ, ನಾನು ಗೇರುಸೊಪ್ಪೆಗೆ ಹೋದದ್ದು ಹಳೆಯ ಸಿರಿಯನ್ನು ನೆನೆದು ನಿಟ್ಟುಸಿರು ಬಿಡಲಿಕ್ಕಲ್ಲ. ಊರಿನ ಮೇಲ್ಗಡೆ ಅಣೆಕಟ್ಟು ಕಾಣುತ್ತದೆ, ಕೆಳಗೆ 240 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದಾಗಾರ. ಇದೇ ಹೊಳೆಯ ಮೇಲೆ, ಜೋಗದ ಬುಡದಲ್ಲಿ, 1948ರಿಂದ ವಿದ್ಯುತ್ ಹುಟ್ಟುತ್ತಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅದರ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಆ ಅಣೆಕಟ್ಟು ಮುಗಿದಾಗ ನಮ್ಮ ಬಿಟಿಎಂ ಇನ್ನೂ ಬಡಾವಣೆಯಾಗಿರಲಿಲ್ಲ, ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳಾಗಿತ್ತು. ಆ ಮೂರು ಹೆಸರುಗಳ ಮೊದಲಕ್ಷರಗಳೇ ಇವತ್ತಿನ ಬಿಟಿಎಂ.

ಮಡಿವಾಳ ಕೆರೆಯ ಏರಿಯ ಮೇಲೆ ಸಂಜೆ ನಡೆಯುವಾಗ ನಾನು ಬಹಳ ಸಲ ಅಂದುಕೊಂಡದ್ದುಂಟು: ನಮ್ಮದು ಹೊಳೆ ಇಲ್ಲದ ಊರು, ಕೆರೆಗಳ ಊರು. ಈ ಸಲ ಹಿಂತಿರುಗಿದ ಮೇಲೆ ಆ ಮಾತು ಸರಿಯಲ್ಲ ಅನ್ನಿಸಿತು. ನಮ್ಮ ನಲ್ಲಿಯಲ್ಲಿ ಬರುವುದು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ ಮೇಲೆತ್ತಿ ತಂದ ಕಾವೇರಿ. ನಮ್ಮ ದೀಪದಲ್ಲಿ ಶರಾವತಿಯ ಪಾಲಿದೆ. ಬೆಂಗಳೂರು ಹೊಳೆಗಳಿಂದಲೇ ಬದುಕಿರುವ ನಗರ. ಆ ಹೊಳೆ ಮನೆಯ ಮುಂದೆ ಹರಿಯುವುದಿಲ್ಲವಾದ್ದರಿಂದ ಅದರ ಮುಖ ನಮಗೆ ಗೊತ್ತಿಲ್ಲ. ಮನೌಸಿನವರಿಗೆ ಗೊತ್ತಿದೆ. ಅಲ್ಲಿ 1902ರಿಂದ ಬಂದರಿನಲ್ಲಿ ನೀರಿನ ಮಟ್ಟ ಬರೆದಿಡುತ್ತಾರೆ. 2021ರಲ್ಲಿ ನೀರು 30 ಮೀಟರ್ ದಾಟಿ ಬೀದಿಗೆ ನುಗ್ಗಿತು, 2023ರ ಅಕ್ಟೋಬರಿನಲ್ಲಿ 12.70 ಮೀಟರಿಗೆ ಇಳಿಯಿತು, ಮರುವರ್ಷ ಇನ್ನೂ ಕೆಳಗೆ. ಹೊಳೆ ಸೊರಗಿದ್ದನ್ನು ಅವರು ಕಿಟಕಿ ತೆರೆದರೆ ಕಾಣುತ್ತಾರೆ. ನಮಗೆ ಸುದ್ದಿ ಬರುವುದು ಕರೆಂಟು ಹೋದಾಗ, ನಲ್ಲಿ ಒಣಗಿದಾಗ.

ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರೂರುಗಳೇ ಮುಳುಗಿದವು. ಆ ನೋವನ್ನು ನಾ. ಡಿಸೋಜ ‘ಮುಳುಗಡೆ’ಯಲ್ಲಿ, ‘ದ್ವೀಪ’ದಲ್ಲಿ ಬರೆದರು. ಮುಳುಗಡೆಯಾದ ಕುಟುಂಬಗಳ ಮಕ್ಕಳು, ಮೊಮ್ಮಕ್ಕಳು ಜಮೀನಿನ ಹಕ್ಕುಪತ್ರಕ್ಕಾಗಿ ಇನ್ನೂ ಅಲೆಯುತ್ತಿದ್ದಾರೆ. ನೀರಿನ ಆಚೆ ಉಳಿದ ತುಮರಿ ಕಡೆಯ ಜನ ಆರು ದಶಕ ಲಾಂಚ್ ಕಾದು ದಾಟಿದರು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಅವರ ಮನೆಗಳಿಗೆ ನೇರ ದಾರಿಯಾಯಿತು. ನಮಗೆ ಬೆಳಕು ಕೊಟ್ಟವರಿಗೆ ಒಂದು ಸೇತುವೆ ಸಿಗಲು ಅರವತ್ತು ವರ್ಷ ಬೇಕಾಯಿತು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ಇಷ್ಟಾದರೂ ನಾವು ಕೇಳುವುದು ನಿಂತಿಲ್ಲ. ಲಿಂಗನಮಕ್ಕಿಯ ನೀರನ್ನೇ ಬೆಂಗಳೂರಿಗೆ ತರುವ ಮಾತು ಬಂದಾಗ 2019ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆಯವರು ಬಂದ್ ಮಾಡಿ ಬೀದಿಗಿಳಿದರು. ಈಗ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿ ಇಳಿಸಿ 2,000 ಮೆಗಾವ್ಯಾಟ್ ಪಡೆಯುವ ಭೂಗತ ಯೋಜನೆಯ ಮಾತು. ಜನ ಒಟ್ಟಿಗೇ ದೀಪ, ಗೀಸರ್, ಎಸಿ ಹಾಕುವ ಹೊತ್ತಿನ ಬೇಡಿಕೆಗೆ ಅದು ಬೇಕು ಎನ್ನುತ್ತಾರೆ. ಆ ಜಾಗ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದ ಒಳಗಿದೆ. ಸಿಂಗಳೀಕ ನೆಲಕ್ಕಿಳಿಯುವುದು ಅಪರೂಪ, ಕೊಂಬೆಯಿಂದ ಕೊಂಬೆಗೆ ಹೋಗುವ ಪ್ರಾಣಿ. ಮರಗಳ ತಲೆ ಒಂದಕ್ಕೊಂದು ತಾಗಿರುವುದೇ ಅದಕ್ಕೆ ರಸ್ತೆ. ನಡುವೆ ಹತ್ತು ಮರ ಹೋದರೆ ಅದರ ದಾರಿ ಅಲ್ಲಿಗೆ ಕಡಿಯಿತು. ವಿದ್ಯುತ್ ಬೇಡವೆನ್ನಲು ನನಗೆ ಬಾಯಿಲ್ಲ, ಈ ಕಾಗದ ಬರೆಯುತ್ತಿರುವುದೂ ದೀಪದ ಕೆಳಗೆ. ಆದರೆ ಆ ಕಾಡನ್ನು ಕಂಡುಬಂದ ಮೇಲೆ, ನಮ್ಮ ಸಂಜೆಯ ಎರಡು ತಾಸಿನ ಅನುಕೂಲಕ್ಕೆ ಇನ್ನು ಒಂದೇ ಒಂದು ಕಾನು ಕೂಡ ಕೊಡಬಾರದು ಎಂಬುದು ನನ್ನ ದೃಢ ಮಾತು. ಆ ಕಣಿವೆ ಕೊಡಬೇಕಾದದ್ದನ್ನು ಈಗಾಗಲೇ ಕೊಟ್ಟಿದೆ.

ಗೇರುಸೊಪ್ಪೆಯೂ ಮನೌಸೂ ಕಾಡಿನಿಂದ ಬದುಕಿದವು. ಒಂದರ ಸಿರಿ ದೊರೆತನ ಬದಲಾದಾಗ ಹೋಯಿತು, ಇನ್ನೊಂದರದು ಬೀಜ ಕಡಲು ದಾಟಿದಾಗ ಹೋಯಿತು. ಎರಡೂ ಕಡೆ ಕಾಡು ಉಳಿದಿತ್ತು, ಅದರಿಂದ ಜನ ಮತ್ತೆ ಬದುಕು ಕಟ್ಟಿಕೊಂಡರು. ಮನೌಸಿನಲ್ಲಿ ಇವತ್ತು 20 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಗೇರುಸೊಪ್ಪೆಯ ಸುತ್ತ ಅಡಿಕೆ ಮರಗಳಿಗೆ ಇವತ್ತೂ ಮೆಣಸಿನ ಬಳ್ಳಿ ಹಬ್ಬಿದೆ. ಊರು ಹೋದರೆ ಇನ್ನೊಂದು ಊರು ಕಟ್ಟಬಹುದು. ಕತ್ತಲೆಕಾನನ್ನು ನಾವು ನೆಟ್ಟು ಬೆಳೆಸಲಾರೆವು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ದೇವರು ಅನುಕೂಲ ಕೊಟ್ಟರೆ ಮನೌಸಿಗೂ ಹೋಗಿಬನ್ನಿ, ಎರಡು ಬಣ್ಣದ ಹೊಳೆ ನೋಡಿ ನನಗೆ ಬರೆಯಿರಿ. ಅದಕ್ಕೆ ಮೊದಲು ಗೇರುಸೊಪ್ಪೆಗೆ ಬನ್ನಿ. ಮಳೆಗಾಲ ಕಳೆದು ಕಾಡಿನ ದಾರಿ ಒಣಗಿದ ಮೇಲೆ, ಮಾಗಿಯ ಚಳಿಯಲ್ಲಿ ಹೊರಟರೆ ಒಳ್ಳೆಯದು. ಮೊಮ್ಮಕ್ಕಳನ್ನೂ ಕರೆತನ್ನಿ. ಬಸದಿಯ ನಾಲ್ಕೂ ಬಾಗಿಲಲ್ಲಿ ನಿಲ್ಲಿ, ಆಮೇಲೆ ಹೊಳೆಯ ದಂಡೆಗೆ ಇಳಿದು ಆ ನೀರನ್ನು ಒಮ್ಮೆ ಬೊಗಸೆಯಲ್ಲಿ ಹಿಡಿಯಿರಿ. ಇದು ನಮ್ಮ ಮನೆಯ ದೀಪ ಎಂದು ಮಕ್ಕಳಿಗೆ ಹೇಳಿ.

ತಾಳಗುಪ್ಪದ ರೈಲಿಗೆ ಯಾವತ್ತು ಹತ್ತುತ್ತೀರೆಂದು ಒಂದು ಸಾಲು ಬರೆಯಿರಿ. ಮೆಜೆಸ್ಟಿಕ್ಕಿನಲ್ಲಿ ಕಾದಿರುತ್ತೇನೆ, ಜೊತೆಯಲ್ಲೇ ಹೋಗೋಣ.

ಇತಿ,
ನಿಮ್ಮ ಬಿಟಿಎಂನ ಗೆಳೆಯ